ಕೊಸರು

ನಮ್ಮಲ್ಲಿ ಸಜೆ ಅಂದರೆ ಶಿಕ್ಷೆ.
ಶಾರ್ಜಾದಲ್ಲಿ ಸಜಾ ಅಂದರೆ ನನ್ನ ವಿಳಾಸ:
ಸಿಮೆಂಟ್ ಕಾರ್ಖಾನೆ ದಾಟಿ ಎಡಕ್ಕೆ,
ಬಾಗಿಲುಗಳೆಲ್ಲ ಒಂದು ಕಡೆ, ಬಾನೆಟ್ಟುಗಳೆಲ್ಲ ಒಂದು ಕಡೆ
ಗೋಡೆಗೊರಗಿ ನಿಂತ ಗುಜರಿ ಅಂಗಳ.

ಹನ್ನೊಂದು ವರ್ಷದಿಂದ ನಾನಿಲ್ಲಿ ಬೆಲೆ ಹೇಳುವವನು.
ಎರಡು ಬೆರಳಿಂದ ತಟ್ಟಿದರೆ ಸಾಕು,
ತಗಡೆಲ್ಲಿ, ಪುಟ್ಟಿಯೆಲ್ಲಿ, ಗೊತ್ತಾಗುತ್ತದೆ.
ಕಲ್ಲಂಗಡಿ ಆರಿಸುವವನ ಹಾಗೆ ಅಂತ
ಯಜಮಾನ ಮೊಯ್ದುಂಞಿ ನಗುತ್ತಾರೆ.
ಅವರೇ ಕಲಿಸಿದ್ದು: ಅಡಿಗೆ ಬಗ್ಗಿ ನೋಡು, ತಲೆ ಅಲ್ಲಾಡಿಸು,
ಬಾಯಿ ಕೊನೆಗೆ ತೆರೆ.

ಆಗಸ್ಟಿನ ಒಂದು ಮಧ್ಯಾಹ್ನ ಗುಲ್‌ಜಾದಾ ಬಂದ.
ದೀರ್ ಕಡೆಯ ಪಠಾಣ, ಗಡ್ಡಕ್ಕೆ ಮದರಂಗಿ.
ತೊಂಬತ್ತೊಂಬತ್ತರ ಬಿಳಿ ಕ್ಯಾಮ್ರಿ,
ಏಳು ಲಕ್ಷ ಕಿಲೋಮೀಟರಿಗೆ
ಮೀಟರೇ ಬೇಸತ್ತು ಎಣಿಕೆ ಬಿಟ್ಟಿತ್ತು.
"ಎಸಿ ಇನ್ನೂ ತಣ್ಣಗಿದೆ" ಅಂದ.
ತೂಕಕ್ಕೆ ಹಾಕುವ ಗಾಡಿಯ ಎಸಿ!

ಹಿಂದಿನ ಸೀಟು ಎತ್ತಿ ನೋಡಿದೆ.
ಎರಡು ಮೂಟೆ ಮರಳು, ಬಾಯಿ ಹೊಲಿದು,
ಅವಳಿ ಮಕ್ಕಳನ್ನು ಮಲಗಿಸಿದ ಹಾಗೆ.
ಮರಳುಗಾಡಿನ ನಟ್ಟನಡುವೆ
ಮರಳು ಮಾರಲು ಬಂದಿದ್ದ ಪುಣ್ಯಾತ್ಮ.

ಸೀಟು ಇಳಿಸಿದೆ. ಹೇಳಲಿಲ್ಲ.
ನಮ್ಮ ತೂಕದ ಕಟ್ಟೆಯೂ ಗಾಡಿಗೆ ಐವತ್ತು ಕಿಲೋ ನುಂಗುತ್ತದೆ,
ಅದರ ಹೊಟ್ಟೆಯ ಸ್ಕ್ರೂ ತಿರುಗಿಸಿದವನು ನಾನೇ.
ಅವನ ಮರಳು, ನಮ್ಮ ಸ್ಕ್ರೂ, ಸರಿಗೆ ಸರಿ.
ಸಾವಿರದ ಮುನ್ನೂರ ಐವತ್ತು ಅಂತ ಅಂಕಿ ಬಿತ್ತು.
ಆ ಅಂಗಳದಲ್ಲಿ ಬಿದ್ದ ಮೊದಲ ನಿಜವಾದ ತೂಕ
ಅದೇ ಇರಬೇಕು.

ಉಳಿದದ್ದು ಗಾಡಿಯ ಹೊಟ್ಟೆಯಡಿಯ ಡಬ್ಬಿ.
ಹೊಗೆ ತೊಳೆಯುವಂಥದ್ದು, ಒಳಗೆ ಜೇನುಗೂಡು,
ಗೂಡಿನ ಧೂಳಿಗೆ ಚಿನ್ನದಂಗಡಿಯವರೂ ಕಣ್ಣರಳಿಸುತ್ತಾರೆ.
ತಂದವರಿಗೆ ಗೊತ್ತಿರುವುದಿಲ್ಲ, ನಾವು ಹೇಳುವುದಿಲ್ಲ.
ನನಗೆ ಸಂಬಳ ಬರುವುದು
ಬೆಲೆ ಹೇಳಿದ್ದಕ್ಕಲ್ಲ, ಇದನ್ನು ಹೇಳದೆ ಇದ್ದದ್ದಕ್ಕೆ.

ಅವತ್ತು ಏನಾಯಿತೋ.
ಅವನು ಡ್ಯಾಶ್‌ಬೋರ್ಡಿನ ಗೂಡು ಖಾಲಿ ಮಾಡುತ್ತಿದ್ದ:
ಬಾಚಣಿಗೆ, ಮಾಸಿದ ಪೆಟ್ರೋಲ್ ಚೀಟಿ,
ಕಲ್ಲಿನಂತೆ ಒಣಗಿದ ಒಂದು ಲಿಂಬೆ.
ಬಾಯಿ ಜಾರಿತು:
"ಕಬ್ಬಿಣಕ್ಕೆ ಸಾವಿರದ ಎಂಬತ್ತು ದಿರ್ಹಮ್.
ಅಡಿಯ ಡಬ್ಬಿಗೆ ಬೇರೆ ನಾನೂರು."

ಮೊಯ್ದುಂಞಿಯ ಗಂಟಲಲ್ಲಿ ಸುಲೈಮಾನಿ ಚಾ ನಿಂತಿತು.
ಗುಲ್‌ಜಾದಾ ನನ್ನನ್ನು ನೋಡಿದ, ಗಾಡಿಯನ್ನು ನೋಡಿದ,
ಮತ್ತೆ ನನ್ನನ್ನು.
"ಕೇಳದೆಯೇ ನಾನೂರು ಕೊಡುವವನು
ಎಷ್ಟು ಮುಚ್ಚಿಟ್ಟಿರಬೇಕು!"
ಬಾಚಣಿಗೆ ಒಳಗೆ ಹೋಯಿತು, ಲಿಂಬೆಯೂ ಹೋಯಿತು,
ಎಸಿ ಹಾಕಿಕೊಂಡು ಹೊರಟೇಹೋದ
ಮರಳಿನ ಸಮೇತ.

ಗಂಗೊಳ್ಳಿ ಬಂದರಿನಲ್ಲಿ, ಬುಟ್ಟಿಯ ಪಕ್ಕ,
ನಾಲ್ಕನೇ ಕ್ಲಾಸಿನ ನಾನು ಎರಡು ಬೈಗೆ ಹೆಚ್ಚಿಗೆ ಹಾಕಿದ್ದೆ.
ಕೊಳ್ಳಲು ಕೂತವಳು ಕಿವಿರು ಎತ್ತೆತ್ತಿ ಮೂಸಿ
ಎದ್ದು ಹೋದಳು.
ಅಬ್ಬಿ ತಲೆಗೊಂದು ಕೊಟ್ಟು ಹೇಳಿದ್ದಳು:
"ಕೊಸ್ರ್ ಕೇಂಬುಕ್ ಮುಂಚೆ ಹಾಕುಕಾಗ ಮಗಾ.
ಕೇಣ್ದೆ ಕೊಟ್ರೆ ಮೀನ್ ಹಳ್ಸಿತ್ ಅಂಬ್ರ್."

ಮರುದಿನ ಬೇಲಿಯಾಚೆ, ಪಕ್ಕದವರ ಅಂಗಳದಲ್ಲಿ
ಇಟ್ಟಿಗೆಯ ಮೇಲೆ ಬಿಳಿ ಕ್ಯಾಮ್ರಿ.
ಡಬ್ಬಿ ಇಲ್ಲ. ಪಕ್ಕದಲ್ಲಿ ಹೊಸದೊಂದು ಮರಳಗುಪ್ಪೆ,
ಅದರ ಮೇಲೊಂದು ಬೆಕ್ಕು.
"ಎಂಟುನೂರು" ಅಂದ ಅಲ್ಲಿಯ ಹುಡುಗ,
"ಮರಳು ಸಿಕ್ಕಿಬಿತ್ತಲ್ಲ, ದಂಡ ಮುರಿದು."

ಈಗಲೂ ಬಗ್ಗಿ ನೋಡುತ್ತೇನೆ, ತಲೆ ಅಲ್ಲಾಡಿಸುತ್ತೇನೆ.
ನಾನೂರು ನಾಲಿಗೆಯ ತುದಿಯಲ್ಲೇ ಇದೆ.
ಅಡಿಯಲ್ಲೇನಿದೆ ಅಂತ ಒಬ್ಬ, ಒಬ್ಬನಾದರೂ, ಕೇಳಲಿ.

ಎಲ್ಲರೂ
ಎಸಿ ಇನ್ನೂ ತಣ್ಣಗಿದೆ ಅನ್ನುತ್ತಾರೆ.